ಬೆಟ್ಟದ ತಪ್ಪಲಿನ ಖೆಡ್ಡಾ

ಯಳಂದೂರಿಗೆ ಕಾಣುವ ಬಿಳಿಗಿರಿರಂಗನ ಬೆಟ್ಟದ ಸೀಮೆಯಲ್ಲೇ ಮೈಸೂರು ಖೆಡ್ಡಾ ಶುರುವಾದದ್ದು. ನಾಲೆಗಳ ಉಸ್ತುವಾರಿಯಲ್ಲಿದ್ದ ಜಿ.ಪಿ. ಸ್ಯಾಂಡರ್ಸನ್ 1874ರಲ್ಲಿ ಚಾಮರಾಜನಗರದ ಬಳಿ ಮೊದಲ ಹಿಂಡು ಹಿಡಿದ. ನೂರಾರು ಜನ ತಮಟೆ ಬಡಿದು, ಬೆಂಕಿ ಹಚ್ಚಿ, ತಾಯಿ-ಮರಿಗಳ ಸಮೇತ ಆನೆಗಳನ್ನು ದೊಡ್ಡಿಗೆ ಅಟ್ಟುವುದು. ಆಮೇಲೆ ಸಾಕಾನೆ ಬಿಟ್ಟು ಒಂದೊಂದನ್ನೇ ಹಗ್ಗ ಹಾಕಿ ಬೇರ್ಪಡಿಸುವುದು.

ಬೆಳೆ ಕಳೆದುಕೊಂಡ ರೈತನಿಗೆ ಆನೆ ಹಿಡಿದರೆ ಸಾಕಾಗಿತ್ತು. ಇವತ್ತು ಹನೂರಿನ ಕಾಡಂಚಿನಲ್ಲಿ ಕೇಳಿದರೂ ಅದೇ ಮಾತು ಬರುತ್ತದೆ, ಅದು ತಪ್ಪೂ ಅಲ್ಲ. ಆದರೆ ಖೆಡ್ಡಾ ಕಾಕನಕೋಟೆಗೆ ಹೋದ ಮೇಲೆ ದೊರೆಗಳ ಮೋಜಾಯಿತು. 1906ರಲ್ಲಿ ಇಂಗ್ಲೆಂಡಿನ ಯುವರಾಜನೇ ನೋಡಲು ಬಂದಿದ್ದ. ಆನೆಯ ಗೋಳು ಅತಿಥಿ ಸತ್ಕಾರದ ಭಾಗವಾಯಿತು.

ಕೊನೆಯ ಖೆಡ್ಡಾ 1971ರಲ್ಲಿ ನಡೆಯಿತು. ಅದಕ್ಕೆ ಒಂದೇ ವರ್ಷ ಮೊದಲು ಅಮೆರಿಕದ ಪೆನ್ ಕೋವ್‌ನಲ್ಲಿ ಓರ್ಕಾ ತಿಮಿಂಗಿಲಗಳನ್ನೂ ಹೀಗೇ ಹಿಡಿದರು: ದೋಣಿಯಿಂದ ಸಿಡಿಮದ್ದು ಸಿಡಿಸಿ, ಹಿಂಡನ್ನು ಬಲೆಗೆ ಅಟ್ಟಿ, ಮರಿಗಳನ್ನು ತಾಯಂದಿರಿಂದ ಕಿತ್ತು ಪ್ರದರ್ಶನಕ್ಕೆ ಮಾರಿದರು. ಆ ಮರಿಗಳಲ್ಲಿ ಒಂದಾದ ಟೋಕಿಟೇ ಅರ್ಧ ಶತಮಾನ ಮಯಾಮಿಯ ತೊಟ್ಟಿಯಲ್ಲಿದ್ದು 2023ರಲ್ಲಿ ಸತ್ತಿತು. ಅಂಥ ತೊಟ್ಟಿಗಳಿಗೆ ಅನುಮತಿ ಕೊಡಬೇಡಿ ಎಂದು ನಮ್ಮ ಕೇಂದ್ರ ಸರ್ಕಾರ 2013ರಲ್ಲೇ ರಾಜ್ಯಗಳಿಗೆ ತಿಳಿಸಿತ್ತು.

ಕಾಕನಕೋಟೆಯ ಖೆಡ್ಡಾ ಬಯಲು ಈಗ ಕಬಿನಿ ಹಿನ್ನೀರಿನಲ್ಲಿದೆ. ಬೇಸಿಗೆಯಲ್ಲಿ ನೀರು ಇಳಿದರೆ ಆನೆಗಳು ಅಲ್ಲೇ ಮೇಯಲು ಬರುತ್ತವೆ.