ಪಕ್ಕದ ಸೀಟು ಖಾಲಿ

1972ರ ಡಿಸೆಂಬರ್ 29ರ ರಾತ್ರಿ, ಮಯಾಮಿಯಲ್ಲಿ ಇಳಿಯಬೇಕಿದ್ದ ಈಸ್ಟರ್ನ್ ಏರ್‌ಲೈನ್ಸ್ ವಿಮಾನದಲ್ಲಿ ಮುಂಚಕ್ರದ ಸೂಚಕ ದೀಪ ಹೊತ್ತಲಿಲ್ಲ. ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಆ ದೀಪದ ಹಿಂದೆ ಬಿದ್ದರು. ಎತ್ತರ ಕಾಯುತ್ತಿದ್ದ ಆಟೊಪೈಲಟ್ ಅಷ್ಟರಲ್ಲಿ ಹಿಡಿತ ಬಿಟ್ಟದ್ದು ಯಾರಿಗೂ ಗೊತ್ತಾಗಲಿಲ್ಲ. ವಿಮಾನ ಜೌಗು ನೆಲಕ್ಕೆ ಬಿದ್ದು 101 ಮಂದಿ ಸತ್ತರು. ಕೆಟ್ಟಿದ್ದು ಬಲ್ಬು ಮಾತ್ರ, ಚಕ್ರ ಸರಿಯಾಗಿಯೇ ಇಳಿದಿತ್ತು.

1974ರಲ್ಲಿ ಷಾರ್ಲಟ್‌ನಲ್ಲಿ ಪೈಲಟ್‌ಗಳು ರಾಜಕೀಯ, ಹಳೇ ಕಾರು ಎಂದು ಹರಟುತ್ತ ಮಂಜಿನಲ್ಲಿ ವಿಮಾನ ಕೆಡವಿದರು. 1978ರಲ್ಲಿ ಪೋರ್ಟ್‌ಲೆಂಡ್ ಬಳಿ ಚಕ್ರದ ತೊಂದರೆ ವಿಚಾರಿಸುತ್ತಲೇ ಇಂಧನ ಮುಗಿಯಿತು. ಇವುಗಳಿಂದ ಎರಡು ಮದ್ದು ಸಿಕ್ಕವು. ಒಂದು, ಪೈಲಟ್‌ಗಳು ಒಬ್ಬರನ್ನೊಬ್ಬರು ತಿದ್ದುವುದನ್ನು ಕಲಿಸುವ ತರಬೇತಿ. ಇನ್ನೊಂದು, 10,000 ಅಡಿಗಿಂತ ಕೆಳಗೆ ಕೆಲಸಕ್ಕೆ ಬಾರದ ಮಾತು ಬೇಡವೆಂಬ ಅಮೆರಿಕದ 1981ರ ನಿಯಮ.

ಹರಟೆಯೇ ಶತ್ರು ಎಂಬ ನಂಬಿಕೆಯನ್ನು ಅಲುಗಿಸಿದ್ದು ನಾಸಾದ ಕೀ ಡಿಸ್ಮ್ಯೂಕ್ಸ್ ಮತ್ತು ಸಂಗಡಿಗರು. ಪೈಲಟ್‌ಗಳೇ ಬರೆದುಕೊಟ್ಟ 107 ವರದಿಗಳನ್ನು ಅವರು 1998ರಲ್ಲಿ ಬಿಡಿಸಿ ನೋಡಿದರು. ಗಮನ ಕದ್ದ ಕೆಲಸಗಳಲ್ಲಿ ಶೇ 90ರಷ್ಟು ನಾಲ್ಕೇ ಗುಂಪಿಗೆ ಸೇರಿದ್ದವು: ಮಾತುಕತೆ, ತಲೆ ತಗ್ಗಿಸಿ ಕಂಪ್ಯೂಟರ್ ಒತ್ತುವುದು, ಹೊರಗೆ ಬೇರೆ ವಿಮಾನ ಹುಡುಕುವುದು, ತಲೆದೋರಿದ ತೊಂದರೆ ಸರಿಪಡಿಸುವುದು. ಬಹುಪಾಲು ಮಾಡಲೇಬೇಕಾದ ಕೆಲಸಗಳೇ. ಈ ಕ್ಷೇತ್ರದಲ್ಲಿ ನಡೆದ ಅತಿ ಉಪಯುಕ್ತ ಕೆಲಸ ಇದೆಂದು ನನ್ನ ಎಣಿಕೆ.

2006ರಲ್ಲಿ ಎಕ್ಲಿಪ್ಸ್ 500, ಸೆಸ್ನಾ ಮಸ್ಟಾಂಗ್ ಎಂಬ ಪುಟ್ಟ ಜೆಟ್‌ಗಳಿಗೆ ಒಬ್ಬನೇ ಪೈಲಟ್ ಹಾರಿಸಬಹುದೆಂಬ ಪರವಾನಗಿ ದೊರೆತು ಲೆಕ್ಕ ಬದಲಾಯಿತು. ತಿದ್ದುವ ಇನ್ನೊಬ್ಬರಿಲ್ಲ. 1981ರ ನಿಯಮ ವಿಮಾನಯಾನ ಕಂಪನಿಗಳಿಗೆ, ಬಾಡಿಗೆ ವಿಮಾನಗಳಿಗೆ ಉಂಟು. ತನ್ನ ಜೆಟ್ ತಾನೇ ಹಾರಿಸುವ ಮಾಲೀಕನಿಗೆ ಇಲ್ಲ.

2014ರ ಡಿಸೆಂಬರ್ 8ರಂದು ಮೇರಿಲ್ಯಾಂಡ್‌ನ ಗೇದರ್ಸ್‌ಬರ್ಗ್‌ನಲ್ಲಿ ಒಬ್ಬನೇ ಪೈಲಟ್ ಇಳಿಸುತ್ತಿದ್ದ ಫೆನಮ್ 100 ಜೆಟ್‌ನ ರೆಕ್ಕೆಗೆ ಮಂಜುಗಡ್ಡೆ ಕಟ್ಟಿತ್ತು. ಅದನ್ನು ಕಳಚುವ ಸ್ವಿಚ್ ಒತ್ತಿರಲಿಲ್ಲ. ಒತ್ತಿದ್ದರೆ ಹೆಚ್ಚು ವೇಗದಲ್ಲಿ ಇಳಿಯಬೇಕಿತ್ತು, ವೇಗ ಕುಸಿದಾಗಿನ ಎಚ್ಚರಿಕೆಯೂ ಬೇಗ ಕೂಗುತ್ತಿತ್ತು. ವಿಮಾನ ಮನೆಗಳ ಮೇಲೆ ಬಿತ್ತು: ಒಳಗಿದ್ದ ಮೂವರು, ಮನೆಯಲ್ಲಿದ್ದ ತಾಯಿ ಮತ್ತು ಇಬ್ಬರು ಮಕ್ಕಳು ಸತ್ತರು. ಗಮನ ತಪ್ಪಿದ್ದೇ ಕಾರಣವೆಂದು ತನಿಖೆ ಹೇಳಲಿಲ್ಲ. ವಿಧಾನ ಪಾಲಿಸಲಿಲ್ಲ ಎಂದಿತು. ಪಕ್ಕದಲ್ಲಿ ತಪಾಸಣಾ ಪಟ್ಟಿ ಓದುವವರಿದ್ದಿದ್ದರೆ ಎಂಬ ಪ್ರಶ್ನೆಯಂತೂ ಬಿಡದು.

ಹಾಗೆಂದು ಇಬ್ಬರಿದ್ದರೆ ಸಾಕೆಂದಲ್ಲ. 2015ರಲ್ಲಿ ಏಕ್ರನ್‌ನಲ್ಲಿ ಇಳಿಯುತ್ತಿದ್ದ ಹಾಕರ್ ಜೆಟ್‌ನ ವೇಗ ಕುಸಿಯುತ್ತಿದ್ದರೂ ಕ್ಯಾಪ್ಟನ್ ಸಹ-ಪೈಲಟ್‌ನಿಂದ ನಿಯಂತ್ರಣ ತೆಗೆದುಕೊಳ್ಳಲಿಲ್ಲ, ಒಂಬತ್ತು ಸಾವು. ನಮ್ಮ ಮಂಗಳೂರಿನಲ್ಲಿ, ಅದು ದೊಡ್ಡ ವಿಮಾನವೇ ಆದರೂ, 2010ರ ದುರಂತದಲ್ಲಿ ಮತ್ತೆ ಮೇಲೇರಿ ಎಂದ ಸಹ-ಪೈಲಟ್‌ನ ಮಾತು ನಡೆಯಲಿಲ್ಲ.

2020ರಿಂದ ಸಿರಸ್ ವಿಷನ್ ಜೆಟ್‌ನಲ್ಲಿ ಪ್ರಯಾಣಿಕರು ಗುಂಡಿ ಒತ್ತಿದರೆ ವಿಮಾನ ತಾನೇ ಇಳಿಯುತ್ತದೆ. ಪೈಲಟ್ ಪ್ರಜ್ಞೆ ತಪ್ಪಿದರೆ ಅದು ಜೀವರಕ್ಷಕ. ಎಚ್ಚರವಿದ್ದೂ ಬೇರೆಡೆ ಮನಸ್ಸಿಟ್ಟವನಿಗಾಗಿ ಆ ಗುಂಡಿ ಒತ್ತುವವರಾರು? ಅಂಥವನಿಗೆ ಹೆಚ್ಚು ಒದಗಬಹುದಾದದ್ದು ಗೇದರ್ಸ್‌ಬರ್ಗ್ ತನಿಖೆಯ ಬಳಿಕ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಮಾಡಿದ ಸಾದಾ ಶಿಫಾರಸು: ಒಬ್ಬನೇ ಹಾರಿಸುವ ಜೆಟ್‌ಗಳಲ್ಲಿ, ಮಂಜುಗಡ್ಡೆ ಕಳಚುವ ಸ್ವಿಚ್ ಒತ್ತೆಂದು ಯಂತ್ರವೇ ನೆನಪಿಸಲಿ.