ತಳೇಗಾಂವದ ಸಮರ್ಥ ವಿದ್ಯಾಲಯ ಮತ್ತು ಪಾಠದಲ್ಲಿ ಶರೀರದ ಸ್ಥಾನ

ಪುಣೆಯಿಂದ ಲೋಣಾವಳೆಗೆ ಹೋಗುವ ರೈಲುಮಾರ್ಗದಲ್ಲಿರುವ ತಳೇಗಾಂವ ದಾಭಾಡೆಯು ಶಾಹೂ ಮಹಾರಾಜರ ಸೇನಾಪತಿಗಳಾಗಿದ್ದ ದಾಭಾಡೆ ಮನೆತನದಿಂದ ಪ್ರಸಿದ್ಧವಾದ ಊರು. ಶಿಕ್ಷಣದ ಇತಿಹಾಸದಲ್ಲಿಯೂ ಇದಕ್ಕೊಂದು ಸ್ಥಾನವುಂಟು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಲ್ಲಿ ನಡೆದ ಸಮರ್ಥ ವಿದ್ಯಾಲಯವು, ಪುಸ್ತಕವಿದ್ಯೆಗೂ ಶರೀರಶ್ರಮಕ್ಕೂ ನಡುವೆ ಬಿದ್ದ ಬಿರುಕನ್ನು ಮುಚ್ಚಲು ಕೈಕೊಂಡ ಯತ್ನಗಳಲ್ಲಿ ಒಂದು. ಪ್ರೌಢಶಾಲೆಯ ಪಾಠಗಳಲ್ಲಿಯೇ ದೈಹಿಕ ಚಟುವಟಿಕೆಯನ್ನು ಸೇರಿಸಬೇಕೆಂಬ ವಿಚಾರವು ಇಂದು ಹೊಸತೆಂಬಂತೆ ಮಂಡಿತವಾಗುತ್ತಿರುವುದರಿಂದ, ಆ ಯತ್ನವು ಎಲ್ಲಿ ಆರಂಭವಾಗಿ ಎಲ್ಲಿ ತಡೆಯಿತೆಂಬುದನ್ನು ಪರಿಶೀಲಿಸುವುದು ಉಚಿತ. ಅದರಲ್ಲಿ ಕನ್ನಡ ನಾಡಿನ ಪಾಲೂ ಇದೆ.

1906ರ ಕಲಕತ್ತಾ ಕಾಂಗ್ರೆಸ್ ಅಧಿವೇಶನವು ಸ್ವರಾಜ್ಯ, ಸ್ವದೇಶಿ, ಬಹಿಷ್ಕಾರಗಳೊಡನೆ ರಾಷ್ಟ್ರೀಯ ಶಿಕ್ಷಣದ ಗೊತ್ತುವಳಿಯನ್ನೂ ಅಂಗೀಕರಿಸಿತು. ಅದೇ ವರ್ಷ ಸ್ಥಾಪಿತವಾಗಿ ತಳೇಗಾಂವದಲ್ಲಿ ನೆಲೆಗೊಂಡ ಸಮರ್ಥ ವಿದ್ಯಾಲಯದ ಪ್ರಾಣವಾಗಿದ್ದವರು ವಿಷ್ಣು ಗೋವಿಂದ ವಿಜಾಪುರಕರರು. ಅಡ್ಡಹೆಸರಿನಲ್ಲಿಯೇ ಕನ್ನಡ ನಾಡಿನ ವಿಜಾಪುರವನ್ನು ನೆನಪಿಸುವ ಈ ವಿದ್ವಾಂಸರು ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದವರು. 'ಗ್ರಂಥಮಾಲಾ', 'ವಿಶ್ವವೃತ್ತ' ಎಂಬ ಮರಾಠಿ ಪತ್ರಿಕೆಗಳನ್ನು ನಡೆಸಿದವರು. ಇದೇ ಊರಿನಲ್ಲಿ 1908ರಲ್ಲಿ, ಜನರು ಕೊಟ್ಟ ಒಂದೊಂದು ಪೈಸೆಯಿಂದ ಕೂಡಿದ ಪೈಸಾ ಫಂಡಿನ ಗಾಜಿನ ಕಾರಖಾನೆಯೂ ಆರಂಭವಾಯಿತು. ಕಾರಖಾನೆಯಷ್ಟೇ ಆಗಿರದೆ ಅದು ಗಾಜಿನ ಕೆಲಸವನ್ನು ಕಲಿಸುವ ಶಾಲೆಯೂ ಆಗಿತ್ತು.

ಈ ನೆರೆಹೊರೆಯು ಆಕಸ್ಮಿಕವಾಗಿರಲಿಲ್ಲ. ತಿಲಕರು 1908ರಲ್ಲಿ ಬಾರ್ಶಿಯಲ್ಲಿ ಮಾಡಿದ ಭಾಷಣದಲ್ಲಿ ರಾಷ್ಟ್ರೀಯ ಶಿಕ್ಷಣಕ್ಕೆ ನಾಲ್ಕು ಅಂಗಗಳನ್ನು ಹೇಳಿದರು: ಧಾರ್ಮಿಕ ಶಿಕ್ಷಣ, ಪರಭಾಷೆಯ ಹೊರೆಯನ್ನು ತಗ್ಗಿಸುವುದು, ಔದ್ಯೋಗಿಕ ಶಿಕ್ಷಣ, ರಾಜಕೀಯ ಶಿಕ್ಷಣ. ಕಾಲೇಜಿನ ಮೊದಲ ವರ್ಷವನ್ನು ಬಹುಮಟ್ಟಿಗೆ ವ್ಯಾಯಾಮಕ್ಕೇ ಮೀಸಲಿಟ್ಟು ದೇಹವನ್ನು ಬಲಪಡಿಸಿಕೊಂಡ ತಿಲಕರು ಈ ಪಟ್ಟಿಯಲ್ಲಿ ವ್ಯಾಯಾಮವನ್ನು ಪ್ರತ್ಯೇಕವಾಗಿ ಹೆಸರಿಸದಿರುವುದು ಗಮನಾರ್ಹ. ಶರೀರವು ಅವರ ಯೋಜನೆಯನ್ನು ಪ್ರವೇಶಿಸಿದ್ದು ಉದ್ಯಮದ ಬಾಗಿಲಿನಿಂದ. ಕೈಯ ಕೆಲಸವು ಕಲಿಕೆಯ ಅಂಗವೆಂಬ ತತ್ತ್ವವು ಇಲ್ಲಿ ಬೀಜರೂಪದಲ್ಲಿತ್ತು. ಆದರೆ ಗಣಿತವನ್ನೋ ಭೂಗೋಲವನ್ನೋ ಆ ಕೆಲಸದ ಮೂಲಕವೇ ಕಲಿಸುವ ವಿಧಾನವು ಇನ್ನೂ ರೂಪುಗೊಂಡಿರಲಿಲ್ಲ.

ರೂಪುಗೊಳ್ಳಲು ಕಾಲಾವಕಾಶವೂ ದೊರೆಯಲಿಲ್ಲ. 'ವಿಶ್ವವೃತ್ತ'ದಲ್ಲಿ ಅಚ್ಚಾದ ಶ್ರೀಪಾದ ದಾಮೋದರ ಸಾತವಳೇಕರರ ಲೇಖನಕ್ಕಾಗಿ 1908ರಲ್ಲಿ ವಿಜಾಪುರಕರರ ಮೇಲೆ ರಾಜದ್ರೋಹದ ಮೊಕದ್ದಮೆ ನಡೆದು ಅವರಿಗೆ ಕಾರಾಗೃಹವಾಸವಾಯಿತು. 1909ರ ಡಿಸೆಂಬರದಲ್ಲಿ ನಾಸಿಕದ ಕಲೆಕ್ಟರ ಜ್ಯಾಕ್ಸನ್ನನ ಕೊಲೆಯಾದ ಮೇಲಂತೂ ತರುಣರ ಅಖಾಡಾಗಳೂ ರಾಷ್ಟ್ರೀಯ ಶಾಲೆಗಳೂ ಸರಕಾರದ ಕಣ್ಣಿಗೆ ಒಂದೇ ಆದುವು. 1910ರಲ್ಲಿ ಸಮರ್ಥ ವಿದ್ಯಾಲಯವನ್ನು ಮುಚ್ಚಿಸಲಾಯಿತು. ಅದರ ಪರಂಪರೆಯನ್ನು ಮುಂದೆ ನೂತನ ಮಹಾರಾಷ್ಟ್ರ ವಿದ್ಯಾಪ್ರಸಾರಕ ಮಂಡಳವು ತಳೇಗಾಂವದಲ್ಲಿ ಮುಂದುವರಿಸಿತು.

ಕನ್ನಡ ನಾಡಿನಲ್ಲಿಯೂ ಇದೇ ಗಾಳಿ ಬೀಸಿತ್ತು. ಕಲಬುರ್ಗಿಯಲ್ಲಿ 1907ರಲ್ಲಿ ನೂತನ ವಿದ್ಯಾಲಯವು ಹುಟ್ಟಿತು. ಪುಣೆಯ ಫರ್ಗ್ಯೂಸನ್ ಕಾಲೇಜಿನಲ್ಲಿ ಓದಿದ ಆಲೂರ ವೆಂಕಟರಾಯರು ಧಾರವಾಡದಲ್ಲಿ ಅದೇ ಹೆಸರಿನ ರಾಷ್ಟ್ರೀಯ ಶಾಲೆಯನ್ನು ನಡೆಸಿದರು. ಬೆಳಗಾವಿಯ ಗಣೇಶ ವಿದ್ಯಾಲಯದಲ್ಲಿ ಕೆಲಕಾಲ ಮುಖ್ಯಾಧ್ಯಾಪಕರಾಗಿದ್ದವರು ದತ್ತಾತ್ರೇಯ ಬಾಲಕೃಷ್ಣ ಕಾಲೇಲಕರರು, ಅರ್ಥಾತ್ ಕಾಕಾ ಕಾಲೇಲಕರರು. ಈ ಹೆಸರು ಮುಂದೆಯೂ ಬರತಕ್ಕದ್ದು.

ಅನಂತರದ ದಶಕಗಳಲ್ಲಿ ಶಾರೀರಿಕ ಶಿಕ್ಷಣವು ಸ್ವತಂತ್ರ ಶಾಸ್ತ್ರವಾಗಿ ಬೆಳೆಯಿತು. 1920ರಲ್ಲಿ ಹ್ಯಾರಿ ಬಕ್ ಮದರಾಸಿನಲ್ಲಿ ವ್ಯಾಯಾಮ ಶಿಕ್ಷಕರ ತರಬೇತಿಯನ್ನು ಆರಂಭಿಸಿದರು. ತಳೇಗಾಂವಕ್ಕೆ ಸಮೀಪದ ಲೋಣಾವಳೆಯಲ್ಲಿ ಸ್ವಾಮಿ ಕುವಲಯಾನಂದರು 1924ರಲ್ಲಿ ಕೈವಲ್ಯಧಾಮವನ್ನು ಸ್ಥಾಪಿಸಿ ಯೋಗವನ್ನು ಪ್ರಯೋಗಶಾಲೆಗೆ ತಂದರು. ಮುಂಬಯಿ ಸರಕಾರವು 1938ರಲ್ಲಿ ಕಾಂದಿವಲಿಯಲ್ಲಿ ತರಬೇತಿ ಸಂಸ್ಥೆಯನ್ನು ತೆರೆಯಿತು. ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರ ಜಿಲ್ಲೆಗಳು ಆಗ ಇದೇ ಪ್ರಾಂತದಲ್ಲಿದ್ದವು. ಇವುಗಳಿಂದಾದ ಲಾಭವು ನಿರ್ವಿವಾದ. ಆದರೆ ಇದರೊಡನೆ ಒಂದು ವಿಭಜನೆಯೂ ಸ್ಥಿರವಾಯಿತು: ಶರೀರಕ್ಕೆ ಒಬ್ಬ ಶಿಕ್ಷಕ, ಒಂದು ತಾಸು, ಒಂದು ಮೈದಾನ, ಬುದ್ಧಿಗೆ ಬೇರೆ ಶಿಕ್ಷಕರು, ಉಳಿದ ತಾಸುಗಳು, ನಾಲ್ಕು ಗೋಡೆಗಳು. ಪರೀಕ್ಷೆಯು ಸಮೀಪಿಸಿದಾಗ ಮೊದಲು ಲುಪ್ತವಾಗುವುದು ಮೈದಾನದ ತಾಸೇ.

ಈ ವಿಭಜನೆಯನ್ನು ಮೂಲದಲ್ಲಿಯೇ ಪ್ರಶ್ನಿಸಿದ್ದು 1937ರ ಅಕ್ಟೋಬರ 22 ಮತ್ತು 23ರಂದು ನಡೆದ ವರ್ಧಾ ಪರಿಷತ್ತು. ತಕಲಿಯಿಂದ ನೂಲುವಾಗಲೇ ಎಣಿಕೆ, ಅಳತೆ, ಹತ್ತಿಯ ಚರಿತ್ರೆ ಇವೆಲ್ಲವನ್ನೂ ಕಲಿಸಬಹುದೆಂದು ಗಾಂಧೀಜಿ ಪ್ರತಿಪಾದಿಸಿದರು. ಇದರ ಪಠ್ಯಕ್ರಮವನ್ನು ರಚಿಸಿದ ಝಾಕೀರ ಹುಸೇನ ಸಮಿತಿಯಲ್ಲಿ ಕಾಕಾ ಕಾಲೇಲಕರರೂ ಸದಸ್ಯರಾಗಿದ್ದರು. ಬೆಳಗಾವಿಯ ರಾಷ್ಟ್ರೀಯ ಶಾಲೆಯಿಂದ ವರ್ಧೆಯವರೆಗಿನ ದಾರಿಯನ್ನು ಒಬ್ಬರೇ ಕ್ರಮಿಸಿದಂತಾಯಿತು. ತಳೇಗಾಂವದ ಕಾಲದಲ್ಲಿ ಪಾಠದ ಪಕ್ಕದಲ್ಲಿದ್ದ ಕೆಲಸವು ಇಲ್ಲಿ ಪಾಠದ ಮಾಧ್ಯಮವೇ ಆಯಿತು. ಆದರೆ ಯೋಜನೆಯು 7ರಿಂದ 14 ವರ್ಷದ ಮಕ್ಕಳಿಗೆ ಸೀಮಿತವಾಗಿತ್ತು. ಪ್ರೌಢಶಾಲೆಯು ಬಹುಮಟ್ಟಿಗೆ ಅದರ ಹೊರಗುಳಿಯಿತು. 1952-53ರ ಮುದಲಿಯಾರ ಆಯೋಗವು ಪ್ರೌಢಶಾಲೆಗಳಲ್ಲಿಯೂ ಬಾಯಿಪಾಠವು ಹಿಂದೆ ಸರಿದು ಕ್ರಿಯಾಪದ್ಧತಿಯು ಬರಬೇಕೆಂದು ಶಿಫಾರಸು ಮಾಡಿತು. ಪರೀಕ್ಷೆಯ ಹಿಡಿತವು ಸಡಿಲವಾಗಲಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ದೇಶೀಯ ಆಟಗಳನ್ನೂ ಒಳಗೊಂಡ ಕ್ರೀಡಾಸಂಯೋಜಿತ ಕಲಿಕೆಯನ್ನು ಹೇಳುವಾಗ ಹಳೆಯ ಸಾಲವನ್ನೇ ಮತ್ತೆ ಲೆಕ್ಕಕ್ಕೆ ತಂದಿದೆ.

ಇಂದಿನ ಪ್ರಮಾಣಗಳು ಈ ವಿಚಾರಕ್ಕೆ ತಕ್ಕಮಟ್ಟಿಗೆ ಅನುಕೂಲವಾಗಿವೆ. ನೆದರ್‌ಲ್ಯಾಂಡಿನ 12 ಪ್ರಾಥಮಿಕ ಶಾಲೆಗಳ 499 ಮಕ್ಕಳನ್ನು ಕುರಿತು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎರಡು ವರ್ಷ ಚಲನಸಹಿತ ಪಾಠಗಳನ್ನು ಪಡೆದವರು ಗಣಿತದಲ್ಲಿಯೂ ಕಾಗುಣಿತದಲ್ಲಿಯೂ ಮುಂದಾದರು. ವಾಚನದಲ್ಲಿ ವ್ಯತ್ಯಾಸ ಕಾಣಲಿಲ್ಲ. ಪ್ರೌಢಶಾಲೆಗಳಲ್ಲಿ ಇಂತಹ ಪ್ರಯೋಗಗಳು ಇನ್ನೂ ವಿರಳ. ಅವಶ್ಯಕತೆಯಾದರೋ ಅಲ್ಲಿಯೇ ಹೆಚ್ಚು: ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಜಗತ್ತಿನ 11ರಿಂದ 17 ವರ್ಷದವರಲ್ಲಿ ಶೇಕಡಾ 81ರಷ್ಟು ಮಂದಿಗೆ ದಿನಕ್ಕೆ ಬೇಕಾದ ಒಂದು ತಾಸಿನ ಚಟುವಟಿಕೆಯಿಲ್ಲ.

ಇದಕ್ಕೆ ದೊಡ್ಡ ಸಲಕರಣೆಗಳೇನೂ ಬೇಕಾಗಿಲ್ಲ. ಹಗ್ಗ ಹಿಡಿದು ಮೈದಾನವನ್ನು ಅಳೆದರೆ ಕ್ಷೇತ್ರಗಣಿತ. ಓಡುವ ಮೊದಲೂ ಅನಂತರವೂ ನಾಡಿಯನ್ನು ಎಣಿಸಿದರೆ ಶರೀರವಿಜ್ಞಾನ. ಕನ್ನಡದ ಪಾಠಕ್ಕಂತೂ ಕೋಲಾಟವೇ ಇದೆ. ಭಾಮಿನಿ ಷಟ್ಪದಿಯ ಮೂರು ನಾಲ್ಕು ಮಾತ್ರೆಗಳ ಗಣವಿನ್ಯಾಸವನ್ನು ಕರಿಹಲಗೆಯ ಮೇಲೆ ಪ್ರಸ್ತಾರ ಹಾಕಿ ಮರೆಯುವ ಬಾಲಕನು, ಅದನ್ನೇ ಹೆಜ್ಜೆಯಲ್ಲಿ ಹಾಕಿದರೆ ಸುಲಭವಾಗಿ ಗ್ರಹಿಸುವನು. ಪರನಾಡಿನಲ್ಲಿ ಬೆಳೆಯುವ ಕನ್ನಡ ಮಕ್ಕಳಿಗೆ ಭಾಷೆಯು ವಾರದ ತರಗತಿಯ ಒಂದು ತಾಸಿಗೆ ಮಾತ್ರ ಸಿಕ್ಕುತ್ತಿರುವಾಗ, ಆ ತಾಸನ್ನು ಕುಳಿತೇ ಕಳೆಯಬೇಕೆಂಬ ನಿಯಮವಿಲ್ಲ. ಸರಕಾರದ ಪರೀಕ್ಷೆಯ ಭಯವಿಲ್ಲದ ಈ ತರಗತಿಗಳಲ್ಲಿಯೇ, ತಳೇಗಾಂವದಲ್ಲಿ 1910ರಲ್ಲಿ ನಿಂತುಹೋದ ಕೆಲಸವನ್ನು ಕನ್ನಡ ಸಂಘಗಳು ಕೈಗೆತ್ತಿಕೊಳ್ಳಬಹುದಾಗಿದೆ.