ಸಂತೆಗೆ ಬಂದ ಸುವಾರ್ತೆ: ಬೀದಿಯ ಬೋಧನೆಯೂ ಕನ್ನಡದ ಶಬ್ದಗಳೂ

ಅಪರಿಚಿತರ ನಡುವೆ ನಿಂತು ಧರ್ಮವನ್ನು ಹೇಳುವ ಪದ್ಧತಿ ಕನ್ನಡ ನಾಡಿಗೆ ಕ್ರೈಸ್ತ ಮಿಷನರಿಗಳ ಮೂಲಕ ಬಂದುದಲ್ಲ. ವಿಹಾರದಲ್ಲಿದ್ದ ಜೈನ ಮುನಿಗಳು ತಂಗಿದೆಡೆಯಲ್ಲಿ ಧರ್ಮೋಪದೇಶ ಮಾಡುತ್ತಿದ್ದರು. ಜಂಗಮರು ಮನೆಯಂಗಳಕ್ಕೆ ಬರುತ್ತಿದ್ದರು. ತಂಬೂರಿ ಹಿಡಿದ ಹರಿದಾಸರು ಕೇರಿಕೇರಿಗಳಲ್ಲಿ ಹಾಡುತ್ತಿದ್ದರು. 1112ರಲ್ಲಿ ‘ಧರ್ಮಾಮೃತ’ವನ್ನು ಬರೆದ ಮುಳುಗುಂದದ ನಯಸೇನನು ಹದಿನಾಲ್ಕು ಆಶ್ವಾಸಗಳಲ್ಲಿ ಕಥೆಗಳ ಮೂಲಕವೇ ವ್ರತಗಳ ಮಹಿಮೆಯನ್ನು ತಿಳಿಯಪಡಿಸಿದನು. ತಿಳಿಗನ್ನಡದಲ್ಲಿ ಸಂಸ್ಕೃತವನ್ನು ಬೆರೆಸುವುದು ತುಪ್ಪಕ್ಕೆ ಎಣ್ಣೆಯನ್ನು ಬೆರೆಸಿದಂತೆ ಎಂಬ ಅವನ ಆಕ್ಷೇಪವು ಸಾಹಿತ್ಯದ ವಿದ್ಯಾರ್ಥಿಗಳಿಗೆಲ್ಲ ಪರಿಚಿತ. ಆ ಆಕ್ಷೇಪವನ್ನು ಸಾಮಾನ್ಯವಾಗಿ ಶೈಲಿಯ ಚರ್ಚೆಯೆಂದು ಓದಲಾಗುತ್ತದೆ. ಆದರೆ ಅದು ಮೊದಲಿಗೆ ಉಪದೇಶಕನೊಬ್ಬನ ಚಿಂತೆ. ಕೇಳುವವನಿಗೆ ಮುಟ್ಟದ ಮಾತಿನಿಂದ ಧರ್ಮಕ್ಕೇನು ಪ್ರಯೋಜನ?

ಏಳು ಶತಮಾನಗಳ ಅನಂತರ ಇದೇ ಚಿಂತೆ ಜರ್ಮನ್ ಮಾತೃಭಾಷೆಯ ಕೆಲವರನ್ನು ಕಾಡಿತು. 1810ರಲ್ಲಿಯೇ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದು ಕನ್ನಡ ಕಲಿಯತೊಡಗಿದ್ದರು. ಅವರ ಮತ್ತು ಅವರ ಸಹೋದ್ಯೋಗಿಗಳ ಶ್ರಮದಿಂದ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡಕ್ಕೆ ಬಂದಿತ್ತು. 1834ರ ಅಕ್ಟೋಬರಿನಲ್ಲಿ ಬಾಸೆಲ್ ಮಿಷನ್ನಿನ ಹೆಬಿಕ್, ಲೇನರ್ ಮತ್ತು ಗ್ರೈನರ್ ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ ಮಿಷನ್ನಿನ ಠಾಣೆಗಳು ಸ್ಥಾಪನೆಯಾದವು. ಮಳೆಗಾಲ ಕಳೆದ ಮೇಲೆ ಮಿಷನರಿಗಳು ಊರೂರು ಸುತ್ತುತ್ತಿದ್ದರು. ಸಂತೆ, ಜಾತ್ರೆ, ಚಾವಡಿ, ಕೆರೆಯ ಏರಿ, ಜನ ಸೇರುವ ಯಾವ ಎಡೆಯಾದರೂ ಸರಿ. ಸ್ಥಳೀಯ ಉಪದೇಶಿಯೊಬ್ಬನು ಮೊದಲು ಒಂದು ಹಾಡು ಹಾಡುವನು, ಇಲ್ಲವೇ ವೇದಭಾಗವೊಂದನ್ನು ಓದುವನು. ಜನರು ಕುತೂಹಲದಿಂದ ಸುತ್ತ ಸೇರುವರು. ಅನಂತರ ಬಿಳಿಯ ಪಾದ್ರಿಯ ಮಾತು, ಆಮೇಲೆ ಪ್ರಶ್ನೋತ್ತರ, ಕೊನೆಗೆ ಚಿಕ್ಕ ಪುಸ್ತಕಗಳ ಹಂಚಿಕೆ. ಪುಕ್ಕಟೆಯಾಗಿ ಕೊಟ್ಟ ಪುಸ್ತಕಗಳು ಅಂಗಡಿಯ ಪೊಟ್ಟಣಗಳಾಗುವುದನ್ನು ಕಂಡ ಮೇಲೆ ಅವಕ್ಕೆ ಅಲ್ಪ ಬೆಲೆಯನ್ನಿಡುವ ಪದ್ಧತಿ ಬಂದಿತು. ಇಂದು ಕೈಫೋನಿಗೆ ಬಂದು ಬೀಳುವ ಧರ್ಮಸಂದೇಶಗಳಲ್ಲಿ ಎಷ್ಟನ್ನು ಜನ ತೆರೆದು ಓದುತ್ತಾರೆ ಎಂಬ ಪ್ರಶ್ನೆಯೂ ಆ ಪೊಟ್ಟಣಗಳಷ್ಟೇ ಹಳೆಯದು.

ಈ ಬೀದಿಬೋಧಕರಲ್ಲಿ ಹೆಚ್ಚು ಪ್ರಸಿದ್ಧರಾದವರು ಸ್ಯಾಮ್ಯುಯೆಲ್ ಹೆಬಿಕ್. ನೀಳವಾದ ಗಡ್ಡ, ಕೈಯಲ್ಲಿ ದೊಡ್ಡ ಕೊಡೆ, ಎತ್ತರದ ದನಿ. ಮುಂದೆ ಕಣ್ಣೂರಿನಲ್ಲಿ ನೆಲೆಸಿದ ಅವರು ತಳಿಪರಂಬ, ಪಯ್ಯಾವೂರುಗಳ ಉತ್ಸವಗಳಿಗೆ ಹೋಗಿ ಜನಸಂದಣಿಯ ನಡುವೆ ನಿಂತು ಬೋಧಿಸಿದರು, ಮಣ್ಣು ಕಲ್ಲುಗಳ ಏಟನ್ನೂ ತಿಂದರು. ಅವರಿಗೆ ದೇಶಭಾಷೆಗಳು ಒಲಿಯಲಿಲ್ಲ. ದುಭಾಷಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ಮಾತನಾಡುತ್ತಿದ್ದರು. ಅವರ ಧೈರ್ಯವನ್ನು ಮೆಚ್ಚಬಹುದು. ಆದರೆ ಜಾತ್ರೆಗೆ ಹರಕೆ ತೀರಿಸಲು ಬಂದ ಭಕ್ತನ ಎದುರಿನಲ್ಲಿ ಅವನ ದೇವರನ್ನೇ ಹಳಿಯುವುದು ಸಂವಾದವೆನಿಸದು. ಆ ಕಲ್ಲುಗಳಿಗೆ ಕೇವಲ ಮೌಢ್ಯವೇ ಕಾರಣವೆಂದು ಬರೆದ ಮಿಷನ್ ಚರಿತ್ರೆಕಾರರು ಅರ್ಧವನ್ನಷ್ಟೇ ಕಂಡರು.

ಇಲ್ಲಿ ಜೈನ ಸಾಹಿತ್ಯದ ಅಭ್ಯಾಸಿಗಳು ತಮ್ಮ ಮನೆಯನ್ನೂ ನೋಡಿಕೊಳ್ಳಬೇಕಾಗುತ್ತದೆ. ಹನ್ನೆರಡನೆಯ ಶತಮಾನದ ಬ್ರಹ್ಮಶಿವನ ‘ಸಮಯಪರೀಕ್ಷೆ’ಯು ಅನ್ಯಮತಗಳ ದೇವತೆಗಳನ್ನೂ ಆಚಾರಗಳನ್ನೂ ಎಳೆಯೆಳೆಯಾಗಿ ಬಿಡಿಸಿ ಗೇಲಿ ಮಾಡಿದ ಗ್ರಂಥ. ದೇವರೆನಿಸಿಕೊಂಡವನಿಗೆ ಕಾಮಕ್ರೋಧಗಳೇಕೆ, ಆಯುಧವೇಕೆ, ಹೆಂಡತಿಯೇಕೆ ಎಂಬ ಜೈನ ಖಂಡನೆಯ ಜಾಡಿಗೂ ಮಂಗಳೂರಿನ ಕಲ್ಲಚ್ಚಿನಲ್ಲಿ ಮೂಡಿದ ಖಂಡನಪತ್ರಿಕೆಗಳ ಜಾಡಿಗೂ ಹೋಲಿಕೆ ಕಾಣುತ್ತದೆ. ವ್ಯತ್ಯಾಸವೂ ಉಂಟು. ಬ್ರಹ್ಮಶಿವನು ತಾನೇ ಅನ್ಯಮತಗಳಲ್ಲಿ ಸುತ್ತಿ ಬಂದವನು, ತನ್ನ ಓದುಗರ ಊರಿನವನು. ಮಿಷನರಿಯ ಬೆನ್ನ ಹಿಂದೆ, ಅವನು ಒಪ್ಪಲಿ ಬಿಡಲಿ, ಕಂಪನಿಯ ಆಳ್ವಿಕೆಯ ನೆರಳು ಇತ್ತು. 1833ರ ಸನ್ನದು ಕಾಯಿದೆಯೇ ಅವನ ಬಳಗಕ್ಕೆ ಈ ದೇಶದ ಬಾಗಿಲನ್ನು ತೆರೆದಿತ್ತು. ಸಂತೆಯಲ್ಲಿ ಅವನ ಎದುರು ನಿಂತ ರೈತನಿಗೆ ಪಾದ್ರಿ ಯಾರು, ಕಲೆಕ್ಟರ್ ಯಾರು ಎಂಬ ಭೇದ ಒಡನೆಯೇ ಹೊಳೆಯಬೇಕೆಂದೇನೂ ಇಲ್ಲ.

ಆದರೆ ಬೋಧಕನ ನಿಜವಾದ ತೊಡಕು ಕಲ್ಲುಗಳಲ್ಲ, ಶಬ್ದಗಳು. ಅಪರಿಚಿತನಿಗೆ ಸುವಾರ್ತೆ ಹೇಳಬೇಕಾದರೆ ಅವನ ಮಾತಿನಲ್ಲಿಯೇ ಹೇಳಬೇಕು, ಅವನ ಮಾತುಗಳಲ್ಲಿಯಾದರೋ ಬೇರೆಯವರು ಸಾವಿರ ವರ್ಷಗಳಿಂದ ಒಕ್ಕಲಿದ್ದರು. ‘ಪಾಪ’ ಎಂಬ ಶಬ್ದವನ್ನು ತೆಗೆದುಕೊಳ್ಳಬಹುದು. ಬೋಧಕನ ಪಾಲಿಗೆ ಅದು ದೇವರ ಆಜ್ಞೆಯನ್ನು ಮೀರಿದ ಅಪರಾಧ, ಆದುದರಿಂದ ಕ್ಷಮಿಸಬಲ್ಲವನು ದೇವರು. ಕೇಳುಗನ ಪಾಲಿಗೆ ಅದು ಮಾಡಿದ ಕರ್ಮ, ಆದುದರಿಂದ ಉಣ್ಣಬೇಕಾದ ಫಲ. ಒಬ್ಬನ ಕರ್ಮವನ್ನು ಇನ್ನೊಬ್ಬನು ಹೊತ್ತು ಸತ್ತನು ಎಂಬ ಮಾತು ಕ್ರೈಸ್ತಸಂದೇಶದ ಹೃದಯ. ಜೈನ ಶ್ರಾವಕನಿಗೆ ಅದೇ ತರ್ಕಕ್ಕೆ ನಿಲ್ಲದ ಮಾತು. ತೀರ್ಥಂಕರನೂ ದಾರಿಯನ್ನು ತೋರುತ್ತಾನೆಯೇ ಹೊರತು ಇನ್ನೊಬ್ಬನ ಕರ್ಮವನ್ನು ಕಳೆಯುವುದಿಲ್ಲ.

‘ನಿತ್ಯಜೀವ’ ಎಂಬ ಶಬ್ದ ಇನ್ನೂ ಸ್ವಾರಸ್ಯಕರವಾದುದು. ಕನ್ನಡ ಬೈಬಲ್ಲಿನಲ್ಲಿ ಅದು ನಂಬಿದವನಿಗೆ ದೊರೆಯುವ ವರದಾನ. ಜೈನದರ್ಶನದಲ್ಲಿ ಜೀವವು ಸ್ವಭಾವದಿಂದಲೇ ನಿತ್ಯ. ನಂಬಿದವನ ಜೀವವೂ ನಂಬದವನ ಜೀವವೂ ನಿತ್ಯ, ಇರುವೆಯ ಜೀವವೂ ನಿತ್ಯ. ಅದಕ್ಕೆ ಬೇಕಾಗಿರುವುದು ನಿತ್ಯತೆಯಲ್ಲ, ಅಂಟಿದ ಕರ್ಮದಿಂದ ಬಿಡುಗಡೆ. ಬೋಧಕನು ಪರಮೋಚ್ಚವಾದ ಕೊಡುಗೆಯೆಂದು ಮುಂದಿಟ್ಟುದನ್ನು ಕೇಳುಗನು ತನ್ನ ಬಳಿ ಮೊದಲೇ ಇರುವ ವಸ್ತುವೆಂದು, ಪುನರ್ಜನ್ಮವನ್ನು ನೆನೆದರೆ ದಣಿವು ತರಿಸಿದ ವಸ್ತುವೆಂದೇ ತಿಳಿಯಬಹುದಿತ್ತು. ‘ಸೃಷ್ಟಿಕರ್ತ’ನ ಸಂಗತಿಯೂ ಹೀಗೆಯೇ. ಒಂಬತ್ತನೆಯ ಶತಮಾನದ ಜಿನಸೇನಾಚಾರ್ಯರು ಮಹಾಪುರಾಣದಲ್ಲಿ ಜಗತ್ತಿಗೆ ಕರ್ತೃವಿದ್ದಾನೆಂಬ ವಾದವನ್ನು ಒಂದೊಂದಾಗಿ ಬಿಡಿಸಿ ನಿರಾಕರಿಸಿದ್ದರು. ಕರ್ತೃವಾದಕ್ಕೆ ಉತ್ತರ ಇಲ್ಲಿ ಸಾವಿರ ವರ್ಷಗಳ ಹಿಂದೆಯೇ ಸಿದ್ಧವಾಗಿತ್ತು. ಸ್ನಾನಸಂಸ್ಕಾರಕ್ಕೆ ‘ದೀಕ್ಷಾಸ್ನಾನ’ ಎಂಬ ಹೆಸರು ನಿಂತಾಗ ದೀಕ್ಷೆ ಎಂಬ ಪದದ ಒಳಗಿದ್ದ ಕೇಶಲೋಚನ, ಲಿಂಗಧಾರಣೆಗಳ ನೆನಪುಗಳೂ ಅದರೊಡನೆ ಬಂದವು. ‘ಸುವಾರ್ತೆ’ಯೊಂದೇ ಹೆಚ್ಚು ಹೊರೆಯಿಲ್ಲದ ಶಬ್ದ. ಒಳ್ಳೆಯ ಸುದ್ದಿ ಎಂಬಷ್ಟೇ ಅದರರ್ಥ.

ಹೀಗೆ ಕೇಳುಗನು ತನ್ನದೇ ಅರ್ಥವನ್ನು ತುಂಬಿ ಕೇಳಿದಾಗ ಏನಾಗುವುದೆಂಬುದಕ್ಕೆ ಹುಬ್ಬಳ್ಳಿ ಪ್ರಾಂತದ ಒಂದು ಪ್ರಸಂಗ ಸಾಕ್ಷಿ. 1840ರ ಸುಮಾರಿಗೆ ಕಾಲಜ್ಞಾನದ ವಚನಗಳನ್ನು ನಂಬಿದ್ದ ಒಂದು ಪಂಥದವರು ಮಿಷನರಿಗಳನ್ನು ಹುಡುಕಿಕೊಂಡು ಬಂದರು. ಬರಲಿರುವ ಹೊಸ ಕಾಲದ ಕುರಿತು ತಮ್ಮ ಓಲೆಗಳಲ್ಲಿದ್ದ ಭವಿಷ್ಯವಾಣಿಯನ್ನು ಅವರು ಈ ಪರದೇಶಿಗಳಲ್ಲಿ ಕಂಡಿದ್ದರು. ಮಿಷನರಿಗಳ ಸಂಭ್ರಮಕ್ಕೆ ಪಾರವಿರಲಿಲ್ಲ. ಇಡೀ ಸಮುದಾಯವೇ ಬರುವುದೆಂಬ ನಿರೀಕ್ಷೆಯಿಂದ ಹರ್ಮನ್ ಮೋಗ್ಲಿಂಗ್ ಮತ್ತು ಅವರ ಸಂಗಡಿಗರು 1841ರಲ್ಲಿ ಗದಗ-ಬೆಟಗೇರಿಯ ಬಳಿ ಮಲ್ಲಸಮುದ್ರದಲ್ಲಿ ಬೇಸಾಯದ ನೆಲೆಯೊಂದನ್ನು ಆರಂಭಿಸಿದರು. ನಿರೀಕ್ಷಿಸಿದ ಜನರು ಬಂದು ನೆಲೆಸಲಿಲ್ಲ. ಬೋಧಕರು ತಮ್ಮ ಗ್ರಂಥ ನೆರವೇರಿತೆಂದುಕೊಂಡರು, ಬಂದವರು ತಮ್ಮ ಗ್ರಂಥ ನೆರವೇರಿತೆಂದುಕೊಂಡರು. ನಯಸೇನನ ಮುಳುಗುಂದವು ಆ ನೆಲೆಯಿಂದ ಬಹಳ ದೂರವಿರಲಿಲ್ಲ ಎಂಬುದನ್ನು ಪ್ರಾಸಂಗಿಕವಾಗಿ ಹೇಳಬಹುದು.

ಬೀದಿಯಲ್ಲಿ ಕೇಳಿದವರಿಗೆ ಹೋಲಿಸಿದರೆ ಸಭೆಯನ್ನು ಸೇರಿದವರು ವಿರಳ. ಸೇರಿದವರು ತೆತ್ತ ಬೆಲೆ ಮಾತ್ರ ಚಿಕ್ಕದಲ್ಲ. 1844ರಲ್ಲಿ ಮಂಗಳೂರಿನ ಸಾರಸ್ವತ ಯುವಕ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ಪಡೆದಾಗ ಊರೇ ಅಲ್ಲೋಲಕಲ್ಲೋಲವಾಯಿತು. ಪತ್ನಿ ಅವರ ಜೊತೆಗೆ ಬರಲಿಲ್ಲ. ಅವರನ್ನು ಒಲಿಸಿದ್ದು ಬೀದಿಯ ಬೋಧನೆಯಲ್ಲ, ಶಾಲೆಯ ಓದು ಮತ್ತು ಮೋಗ್ಲಿಂಗರ ಸ್ನೇಹ ಎಂಬುದು ಗಮನಾರ್ಹ. ಕರಾವಳಿಯಲ್ಲಿ ಹೆಚ್ಚಾಗಿ ಸಭೆಗೆ ಬಂದವರು ಬಿಲ್ಲವರು. ಸೇಂದಿಯ ವೃತ್ತಿಯನ್ನು ಮಿಷನ್ ಒಪ್ಪುತ್ತಿರಲಿಲ್ಲ, ಜಾತಿಬಾಂಧವರ ಆಸರೆಯೂ ತಪ್ಪುತ್ತಿತ್ತು. ಮತಾಂತರಗೊಂಡವರಿಗೆ ಪಿತ್ರಾರ್ಜಿತದ ಹಕ್ಕು ತಪ್ಪಬಾರದೆಂಬ ಕಾಯಿದೆ ಬಂದದ್ದು 1850ರಲ್ಲಿ. ಆದರೆ ಪಿತ್ರಾರ್ಜಿತವೇ ಇಲ್ಲದವನಿಗೆ ಕಾಯಿದೆಯಿಂದೇನು? ನೇಯ್ಗೆಯ ಶಾಲೆಗಳೂ 1865ರಲ್ಲಿ ಜೆಪ್ಪುವಿನಲ್ಲಿ ಪ್ಲೆಬ್ಸ್ಟ್ ಸ್ಥಾಪಿಸಿದ ಹೆಂಚಿನ ಕಾರ್ಖಾನೆಯೂ ಈ ಪ್ರಶ್ನೆಗೆ ದೊರೆತ ಉತ್ತರಗಳು. ಮಂಗಳೂರು ಹೆಂಚಿನ ಹಿಂದೆ ಹೀಗೊಂದು ಬೋಧನೆಯ ಚರಿತ್ರೆ ಅಡಗಿದೆ.

ಕನ್ನಡಕ್ಕೆ ಮಾತ್ರ ಈ ಬೀದಿಯ ಸೋಲು ಲಾಭವಾಗಿ ಪರಿಣಮಿಸಿತು. ಕೇಳುಗನ ಮನಸ್ಸನ್ನು ಅರಿಯದೆ ಮಾತು ಮುಟ್ಟದೆಂದು ಕಂಡುಕೊಂಡ ಮೋಗ್ಲಿಂಗ್ 1843ರ ಜುಲೈ 1ರಂದು ‘ಮಂಗಳೂರು ಸಮಾಚಾರ’ವನ್ನು ಹೊರಡಿಸಿದರು. ಅದರಲ್ಲಿ ಊರ ವರ್ತಮಾನ, ಸರಕಾರದ ನಿರೂಪಗಳು, ಗಾದೆ, ಕಥೆ ಎಲ್ಲವೂ ಇದ್ದವು. ಅನಂತರ ‘ಬಿಬ್ಲಿಯೊತೆಕಾ ಕರ್ನಾಟಿಕಾ’ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಅಚ್ಚಾದವು. ಬೀದಿಯಲ್ಲಿ ತಮಗೆ ಎದುರಾಳಿಗಳಾಗಿದ್ದ ಹರಿದಾಸರ ಹಾಡುಗಳನ್ನು ಬೀದಿಬೋಧಕರೇ ಕಲ್ಲಚ್ಚಿಗೆ ಏರಿಸಿದರು.

1853ರಲ್ಲಿ ಬಂದ ಫರ್ಡಿನೆಂಡ್ ಕಿಟೆಲ್ ಈ ದಾರಿಯಲ್ಲಿ ಇನ್ನೂ ದೂರ ನಡೆದರು. 1862ರ ‘ಕಥಾಮಾಲೆ’ಯಲ್ಲಿ ಯೇಸುವಿನ ಜೀವನವನ್ನು ದೇಶೀಯ ಛಂದಸ್ಸಿನಲ್ಲಿ ಹೇಳಿದರು. ಹಾಡಿ ಕೇಳುವ ಜನರಿಗೆ ಗದ್ಯದ ಬೋಧನೆ ಸಾಲದೆಂಬ ಅರಿವು ಅದರ ಹಿಂದಿದೆ. ಛಂದಸ್ಸು ಬೇಕೆಂದಾಗ ನಾಗವರ್ಮ ಬೇಕಾದನು, ಶಬ್ದ ಬೇಕೆಂದಾಗ ಕೇಶಿರಾಜ ಬೇಕಾದನು. ಜೈನ ವೈಯಾಕರಣನ ‘ಶಬ್ದಮಣಿದರ್ಪಣ’ವು ಕಿಟೆಲ್ ಸಂಪಾದನೆಯಲ್ಲಿ 1872ರಲ್ಲಿಯೂ ‘ಛಂದೋಂಬುಧಿ’ಯು 1875ರಲ್ಲಿಯೂ ಬೆಳಕು ಕಂಡವು. ಸುವಾರ್ತೆಗೆ ಕಳುಹಿಸಿದವನು ಹಳಗನ್ನಡದಲ್ಲಿ ಮುಳುಗಿದನೆಂಬ ಅಸಮಾಧಾನ ಮಿಷನ್ನಿನ ಹಿರಿಯರಲ್ಲಿ ಇತ್ತು. ಅವರ ದೃಷ್ಟಿಯಿಂದ ಅದು ಅನ್ಯಾಯದ ದೂರೂ ಅಲ್ಲ. ಮತ್ತೊಬ್ಬ ಮಿಷನರಿಯ ಮಗ, ಬೆಂಗಳೂರಿನಲ್ಲಿ ಹುಟ್ಟಿದ ಬಿ. ಎಲ್. ರೈಸ್, ಶ್ರವಣಬೆಳಗೊಳದ ಶಾಸನಗಳನ್ನು 1889ರಲ್ಲಿ ಪ್ರಕಟಿಸಿದರು. ತಂದೆಯು ಪರಿವರ್ತಿಸಲು ಬಂದ ನಾಡಿನ ಸಲ್ಲೇಖನದ ಬರಹಗಳನ್ನು ಮಗನು ಓದಿ ಲೋಕಕ್ಕೆ ಕೊಟ್ಟನು.

1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂದ ಕಿಟೆಲ್ ನಿಘಂಟನ್ನು ತೆರೆದರೆ ಎರಡು ಬಗೆಯ ಸಾಕ್ಷಿಗಳು ಎದ್ದುಕಾಣುತ್ತವೆ. ಒಂದು ಶಬ್ದಮಣಿದರ್ಪಣದ ಉಲ್ಲೇಖ, ಇನ್ನೊಂದು ಜನರ ಬಾಯಿಯ ಗಾದೆ. ಹದಿಮೂರನೆಯ ಶತಮಾನದಲ್ಲಿ ಜನ್ನನ ಸೋದರಳಿಯನು ಬರೆದ ಸೂತ್ರವೂ, ಬೋಧನೆಗೆಂದು ನಿಂತ ಪಾದ್ರಿಗಳಿಗೆ ಊರ ಜನರಿಂದ ಸಿಕ್ಕ ಮಾತೂ ಅದರ ಪುಟಗಳಲ್ಲಿ ಪಕ್ಕಪಕ್ಕದಲ್ಲಿ ಕುಳಿತಿವೆ.